ಫ್ರಾನ್ಸ್ ಕ್ಲಸ್ಟರಿನ ಚಕ್ರವರ್ತಿ

ಮೊನ್ನೆ ಮೊಮ್ಮಗಳ ಚರಿತ್ರೆ ಪುಸ್ತಕ ತಿರುವಿಹಾಕುತ್ತಿದ್ದಾಗ ನೆಪೋಲಿಯನ್ ಕುದುರೆಯ ಮೇಲೆ ಪ್ರತ್ಯಕ್ಷನಾದ. ಆ ಚಿತ್ರ ಕಂಡರೆ ತಮಗೆ ಯುದ್ಧಭೂಮಿ ನೆನಪಾದೀತು. ನನಗೆ ನೆನಪಾಗುವುದು ಹಳೆಯ ಕಾರೊಂದರ ಅತ್ತರಿನ ವಾಸನೆ, ಕದಲದೆ ನಿಂತ ದುಬೈ ಟ್ರಾಫಿಕ್. ಕಾರಣವಿದೆ, ಅವಸರವಿಲ್ಲದಿದ್ದರೆ ಕೂತುಕೊಳ್ಳಿ.

ಬಾಡಿಗೆ ಕಡಿಮೆಯೆಂಬ ಒಂದೇ ಸದ್ಗುಣಕ್ಕೆ ಮನಸೋತು ನಾವೆಲ್ಲ ಆಗ ಇಂಟರ್‌ನ್ಯಾಷನಲ್ ಸಿಟಿಯಲ್ಲಿದ್ದೆವು. ಅಲ್ಲಿ ಕಟ್ಟಡಗಳ ಗುಂಪಿಗೆ ಕ್ಲಸ್ಟರ್ ಎನ್ನುತ್ತಾರೆ. ಒಂದೊಂದು ಕ್ಲಸ್ಟರಿಗೂ ಒಂದೊಂದು ದೇಶದ ಹೆಸರು. ಮೈಸೂರಿನಲ್ಲಿ ಚರಿತ್ರೆ ಪಾಠ ಹೇಳಿ, ದುಬೈಯ ಕಚೇರಿಯೊಂದರಲ್ಲಿ ಫೈಲು ಜೋಡಿಸುವ ಪದವಿಗೆ ಏರಿದ್ದ ನಾನು ಇಂಗ್ಲೆಂಡಿನಲ್ಲಿ ಮಲಗಿ ಏಳುತ್ತಿದ್ದೆ. ಉಡುಪಿ ಕಡೆಯ ನರ್ಸ್ ಸುಮತಿ ರಷ್ಯಾದವರು. ನಮ್ಮಿಬ್ಬರನ್ನೂ ದಿನಾ ಬೆಳಿಗ್ಗೆ ಕಾರಿನಲ್ಲಿ ಕರೆದೊಯ್ಯುತ್ತಿದ್ದ ಮೊಯ್ದೀನ್ ಉಪ್ಪಿನಂಗಡಿಯ ಬ್ಯಾರಿ, ಗೋದಾಮೊಂದರ ಸ್ಟೋರ್ ಕೀಪರ್, ಫ್ರಾನ್ಸಿನ ನಿವಾಸಿ.

ಪಾಠ ಹೇಳುವ ಚಟ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಸುಮತಿಗೆ ರಷ್ಯಾದ ಕ್ಯಾಥರೀನ್ ಮಹಾರಾಣಿಯೆಂದೂ ಮೊಯ್ದೀನರಿಗೆ ನೆಪೋಲಿಯನ್ನನೆಂದೂ ಬಿರುದು ದಯಪಾಲಿಸಿದೆ.

"ಹಾಗಾದ್ರೆ ಸರ್ ವಿಕ್ಟೋರಿಯಾ ರಾಣಿ!" ಎಂದರು ಸುಮತಿ. ಇಂಗ್ಲೆಂಡಿನವನಾದ ನಾನು ಮೇಲ್ಮನವಿ ಸಲ್ಲಿಸುವಂತಿರಲಿಲ್ಲ.

ಟ್ರಾಫಿಕ್ಕಿನಲ್ಲಿ ನಿಂತಷ್ಟು ಹೊತ್ತು ನನ್ನ ಪ್ರವಚನ. ಕ್ಯಾಥರೀನ್ ಗಂಡನನ್ನು ಇಳಿಸಿ ತಾನೇ ಪಟ್ಟಕ್ಕೆ ಬಂದಳೆಂದಾಗ ಸುಮತಿ, "ಒಳ್ಳೇದಾಯ್ತು" ಎಂದು ತೀರ್ಪು ಕೊಟ್ಟು ಅವಳ ಅಧ್ಯಾಯವನ್ನು ಮುಗಿಸಿದರು. ನೆಪೋಲಿಯನ್ ಮಾತ್ರ ಬೆಳೆಯುತ್ತಾ ಹೋದ. ಮಾಸ್ಕೋದಿಂದ ಅವನ ಸೈನ್ಯ ಹಸಿದುಕೊಂಡು ಹಿಂದಿರುಗಿದ ದಿನ ಮೊಯ್ದೀನ್ ಬಹಳ ನೊಂದುಕೊಂಡರು.

"ಅಷ್ಟು ಜನ ಕರ್ಕೊಂಡು ಹೋಗುವಾಗ ಸ್ಟಾಕ್ ನೋಡ್ಲಿಕ್ಕಿಲ್ವಾ ಮಾರಾಯ್ರೆ? ಸ್ಟೋರಿನಲ್ಲಿ ಯಾರಿದ್ದದ್ದು ಅವನಿಗೆ?"

ಇಪ್ಪತ್ತು ವರ್ಷ ಪಾಠ ಮಾಡಿದ್ದರೂ ನನ್ನನ್ನು ಯಾವ ವಿದ್ಯಾರ್ಥಿಯೂ ಇಷ್ಟು ಸಂಕಟದಿಂದ ಪ್ರಶ್ನಿಸಿರಲಿಲ್ಲ.

ಅಷ್ಟರಲ್ಲಿ ಆರ್ಥಿಕ ಕುಸಿತ ಬಂದು ದುಬೈಯ ಕ್ರೇನುಗಳು ಒಂದೊಂದಾಗಿ ನಿಂತವು, ಕಂಪನಿಗಳು ಜನರನ್ನು ಕೆಲಸದಿಂದ ಇಳಿಸತೊಡಗಿದವು. ಒಂದು ಬೆಳಿಗ್ಗೆ ಮೊಯ್ದೀನ್, "ನಂದು ಖಲಾಸ್ ಸರ್" ಎಂದರು. ಕೆಲಸ ಹೋದದ್ದಕ್ಕಿಂತ ದೊಡ್ಡ ಭಯ ಬೇರೆ ಇತ್ತು. ಕಂಪನಿ ಒಪ್ಪಿಗೆ ಪತ್ರ ಕೊಡದೆ ಕಳಿಸಿದರೆ ಬ್ಯಾನ್ ಬೀಳುತ್ತದೆ, ಕೆಲಕಾಲ ಆ ದೇಶಕ್ಕೆ ತಿರುಗಿ ಕೆಲಸಕ್ಕೆ ಬರುವಂತಿಲ್ಲ. ಊರಿನಲ್ಲಿ ಅರ್ಧ ಎದ್ದ ಮನೆ, ಕಾಲೇಜಿಗೆ ಹೋಗುವ ಮಗಳು. ಪತ್ರ ಕೊಡಬೇಕಾದ ಮ್ಯಾನೇಜರು ಮಹಾ ಸಿಡುಕ.

"ಕೇಳಿ ನೋಡಿ ಮೊಯ್ದೀನಣ್ಣ" ಎಂದರು ಸುಮತಿ.

"ಅವನೆದ್ರು ನಿಂತ್ರೆ ನನ್ನ ನಾಲಗೆ ಏಳುದಿಲ್ಲ ಅಕ್ಕ."

ಕೆಲವು ದಿನದ ಮೇಲೆ ಟ್ರಾಫಿಕ್ಕಿನಲ್ಲಿ ನಿಂತಾಗ ಮೊಯ್ದೀನರೇ ಕೇಳಿದರು:

"ಸೋತ ಮೇಲೆ ಆ ನೆಪೋಲಿಯನ್ನನಿಗೆ ಎಂತ ಮಾಡಿದ್ರು ಸರ್?"

"ಒಂದು ದ್ವೀಪಕ್ಕೆ ಕಳಿಸಿದರು."

"ಬ್ಯಾನ್ ಹಾಕಿ?"

"ಬ್ಯಾನೇ ಅನ್ನಿ. ಆದರೂ ತಿರುಗಿ ಬಂದ."

ಹಿಂದಿನ ಕಾರಿನವನು ಹಾರ್ನ್ ಹೊಡೆದ. ನಮ್ಮ ಚಕ್ರವರ್ತಿಗಳು ಕದಲಲಿಲ್ಲ. "ಹೇಗೆ?"

"ಹಿಡಿಯೋಕೆ ಬಂದ ಸೈನಿಕರ ಎದುರಿಗೆ ತಾನೇ ನಡೆದುಕೊಂಡು ಹೋಗಿ ನಿಂತ. ಅವರೆಲ್ಲ ಅವನ ಕಡೆಗೇ ಸೇರಿಬಿಟ್ಟರು."

ನಾನೂ ಸುಮತಿಯೂ ಇಳಿಯುವ ಜಾಗ ಬಂತು. ಕಾರು ಮುಂದೆ ಹೋದಮೇಲೆ ಸುಮತಿ ತಗ್ಗಿದ ದನಿಯಲ್ಲಿ, "ಸರ್, ಆಮೇಲೆ ವಾಟರ್‌ಲೂನಲ್ಲಿ ಪೂರಾ ಸೋತದ್ದಲ್ವಾ?" ಎಂದರು.

"ಅದು ಈ ವರ್ಷದ ಪಠ್ಯದಲ್ಲಿಲ್ಲಮ್ಮ" ಎಂದೆ, ಪ್ರಾಧ್ಯಾಪಕನ ಸಕಲ ಗಾಂಭೀರ್ಯದಿಂದ.

ಆ ದಿನವೇ ಮೊಯ್ದೀನ್ ಮ್ಯಾನೇಜರನ ಮುಂದೆ ಹೋಗಿ ನಿಂತರಂತೆ. ಏನು ಮಾತಾಡಿದರೆಂಬುದು ಅವರಿಗೇ ನೆನಪಿಲ್ಲ. ಆ ಪುಣ್ಯಾತ್ಮ ತಲೆ ಎತ್ತದೆಯೇ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದನಂತೆ. ಮೊಯ್ದೀನ್ ಊರಿಗೆ ಹೋದರು, ಮರುವರ್ಷ ಬೇರೆ ಗೋದಾಮಿನ ವೀಸಾದಲ್ಲಿ ಮರಳಿ ಬಂದರು. ಮತ್ತೆ ಅದೇ ರಸ್ತೆ, ಅದೇ ಟ್ರಾಫಿಕ್. ಆದರೆ ಚಕ್ರವರ್ತಿ ಮರಳಿದ ಮೇಲೆ ಏನಾಯಿತೆಂದು ಅವರು ಒಂದು ದಿನವೂ ಕೇಳಲಿಲ್ಲ. ನಾನೂ ನನ್ನ ಪ್ರವಚನವನ್ನು ಗೆಲಿಲಿಯೋನ ದೂರದರ್ಶಕದ ಕಡೆಗೆ ಹೊರಳಿಸಿಕೊಂಡೆ.

ನಾನು ಮೈಸೂರಿಗೆ ಮರಳಿ ಎಷ್ಟೋ ಕಾಲವಾಯಿತು. ಮೊಯ್ದೀನ್ ಈಗಲೂ ದುಬೈಯಲ್ಲೇ ಇದ್ದಾರೆ. ಚರಿತ್ರೆಯನ್ನು ನಡುವೆ ನಿಲ್ಲಿಸಿದ ಮೇಷ್ಟ್ರಿಗೆ ಈ ವಯಸ್ಸಿನಲ್ಲಿ ನಿದ್ದೆ ಬರುವುದಿಲ್ಲ, ನೋಡಿ. ಮೊಮ್ಮಗಳ ಪುಸ್ತಕ ಮುಚ್ಚಿ ಫೋನ್ ಮಾಡಿದೆ.

"ಮೊಯ್ದೀನ್, ಆ ನೆಪೋಲಿಯನ್ ಕಥೆ ಅರ್ಧಕ್ಕೇ ನಿಂತಿದೆಯಲ್ಲ, ಮುಗಿಸಿಬಿಡಲೇ?"

"ಅಯ್ಯೋ, ಈಗ ಬೇಡ ಸರ್! ನನ್ನ ವೀಸಾ ಇನ್ನೂ ಒಂದು ವರ್ಷ ಉಂಟು."