ಗೂಡಿನ ಚೀಲ ಮತ್ತು ಮೂರು ದೇಶದ ರೈಲು

ಒಂದು ದೇಶದ ನಾಗರಿಕತೆಯನ್ನು ಅಳೆಯಬೇಕಾದರೆ, ಅಲ್ಲಿನ ರೈಲು ಮೊದಲು ಮನುಷ್ಯನನ್ನು ಸಾಗಿಸುತ್ತದೆಯೋ ಸರಕನ್ನೋ ಎಂಬುದನ್ನು ನೋಡಬೇಕು. ಈ ಗಂಭೀರ ಸತ್ಯವನ್ನು ನಾನು ಮೂರು ದೇಶಗಳ ರೈಲುಗಳಿಂದ ಕಲಿತೆ. ಅವುಗಳಲ್ಲಿ ಒಂದು ನನ್ನನ್ನು ಹತ್ತಿಸಿಕೊಳ್ಳಲೇ ಇಲ್ಲ.

ನಾನು ಹುಟ್ಟಿದ್ದು ತಿ. ನರಸೀಪುರದಲ್ಲಿ. ಅಲ್ಲಿಗೆ ಎರಡು ನದಿಗಳು ಬಂದಿವೆ, ರೈಲು ಬಂದಿಲ್ಲ. ಆದ್ದರಿಂದಲೇ ನಮ್ಮೂರಿನವರಿಗೆ ರೈಲಿನ ಬಗ್ಗೆ ಬಹಳ ಖಚಿತವಾದ ಅಭಿಪ್ರಾಯಗಳಿದ್ದವು. ತೊಂಬತ್ತರ ದಶಕದ ಕೊನೆಯ ಭಾಗದಲ್ಲಿ ನಾನು ನಂಜನಗೂಡಿನ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದೆ. ಹೊಸ ಪ್ಯಾಕಿಂಗ್ ಯಂತ್ರದ ಬಿಡಿಭಾಗಗಳನ್ನು ಗುರುತು ಹಿಡಿಯಲು ಕಲಿತು ಬಾ ಎಂದು ಕಂಪನಿ ನನ್ನನ್ನು ಜರ್ಮನಿಗೂ ಅಲ್ಲಿಂದ ಅಮೆರಿಕಕ್ಕೂ ಅಟ್ಟಿತು.

ಅಲ್ಲಿಯವರೆಗೆ ನನಗೆ ಗೊತ್ತಿದ್ದ ರೈಲೆಂದರೆ ಚಾಮರಾಜನಗರದಿಂದ ಮೈಸೂರಿಗೆ ಹೋಗುವ ಸಣ್ಣ ಹಳಿಯ ಗಾಡಿ. ಅದರಲ್ಲಿ ಸರಕು ಬೇರೆ, ಜನ ಬೇರೆ ಎಂಬ ಭೇದಭಾವವಿರಲಿಲ್ಲ. ವೀಳ್ಯದೆಲೆಯ ಪಿಂಡಿ, ಬಾಳೆಗೊನೆ, ಬದನವಾಳಿನಲ್ಲಿ ಹತ್ತಿದ ಖಾದಿ ಗಂಟು, ಬುಟ್ಟಿಯೊಳಗಿನ ಕೋಳಿ. ಇಷ್ಟೆಲ್ಲ ಆಗಿ ಜಾಗ ಉಳಿದರೆ ಮನುಷ್ಯರು. ಪ್ಲಾಟ್‌ಫಾರಮ್ಮಿನ ತುದಿಯಿಂದ ಯಾರಾದರೂ ಕೈಯೆತ್ತಿ ಓಡಿ ಬಂದರೆ ಗಾರ್ಡು ಹಸಿರು ಬಾವುಟವನ್ನು ಕಂಕುಳಲ್ಲಿ ಇರುಕಿಕೊಂಡು ಕಾಯುತ್ತಿದ್ದರು.

ಜರ್ಮನಿಯಲ್ಲಿಯೂ ನಾನು ಕೈಯೆತ್ತಿ ಓಡಿದೆ. ಮೂಗಿಗೆ ಗೇಣು ದೂರದಲ್ಲಿ ಬಾಗಿಲು ಮುಚ್ಚಿತು. ಗಾಜಿನಾಚೆ ಕೂತಿದ್ದ ಅಜ್ಜಿಯೊಬ್ಬಳು ನನ್ನನ್ನು ಗೋಡೆಯನ್ನು ನೋಡಿದಂತೆ ನೋಡಿದಳು. ಗಾಡಿ ಹೋಯಿತು. ಎತ್ತಿದ ಕೈಯನ್ನು ಏನು ಮಾಡಬೇಕೆಂದು ತೋಚದೆ ತಲೆ ಕೆರೆದುಕೊಂಡೆ. ಮೊದಲನೆಯ ಆಘಾತ ಅದು.

ಎರಡನೆಯದು ಅಮೆರಿಕದ್ದು, ಇನ್ನೂ ದೊಡ್ಡದು. ನಾನು ಕೂತಿದ್ದ ಪ್ಯಾಸೆಂಜರ್ ಗಾಡಿ ಮುಸುಕಿನ ಜೋಳದ ಹೊಲದ ಮಧ್ಯೆ ನಿಂತುಬಿಟ್ಟಿತು. ಪಕ್ಕದ ಹಳಿಯಲ್ಲಿ ಗೂಡ್ಸ್ ಗಾಡಿ ಬಂತು. ಒಂದರ ಮೇಲೊಂದು ಕೂರಿಸಿದ ಪೆಟ್ಟಿಗೆಗಳು, ಮುಗಿಯುವ ಹಾಗೇ ಇಲ್ಲ. ಎಣಿಸಲು ಹೊರಟವನು ಸೋತು ಬಿಟ್ಟೆ. ಟಿಕೆಟ್ ತಪಾಸಣೆಯವನನ್ನು ಕೇಳಿದರೆ ಆತ ಏನೂ ಆಗಿಲ್ಲವೆಂಬಂತೆ ಹೇಳಿದ: ಹಳಿ ಗೂಡ್ಸಿನವರದು, ನಾವು ಬಾಡಿಗೆಯವರು. ಟಿಕೆಟ್ ಕೊಂಡ ಮನುಷ್ಯರು ಹೊಲದಲ್ಲಿ ಬಿದ್ದಿರುವುದು, ಸರಕಿನ ಪೆಟ್ಟಿಗೆ ದಿಬ್ಬಣದ ಹಾಗೆ ಮುಂದೆ ಹೋಗುವುದು! ನನ್ನ ಬಾಯಿ ತೆರೆದದ್ದು ತುಂಬ ಹೊತ್ತು ತೆರೆದೇ ಇತ್ತು.

ಊರಿಗೆ ಬಂದು ಇದನ್ನು ಎಷ್ಟು ಜನರಿಗೆ ಹೇಳಿದೆನೋ ಲೆಕ್ಕವಿಲ್ಲ. ನಂಬಿದವರು ಇಬ್ಬರೇ: ಬಿಳಿಗೆರೆ ಕಡೆ ಹಳ್ಳಿಯಲ್ಲಿದ್ದ ನನ್ನ ಅಕ್ಕ ಮತ್ತು ಭಾವ. ಅವರು ರೇಷ್ಮೆ ಹುಳು ಸಾಕುತ್ತಿದ್ದರು. ಗೂಡು ಬಿಡಿಸಿದ ಮೇಲೆ ಭಾವ ಚೀಲಗಳನ್ನು ನಂಜನಗೂಡಿಗೆ ತಂದು, ರೈಲಿನಲ್ಲಿ ಸೀಟಿನ ಕೆಳಗೆ ತುರುಕಿ, ಮೈಸೂರಿನಲ್ಲಿ ಇಳಿಸಿ ತಲೆಯ ಮೇಲೆ ಹೊತ್ತು, ಇನ್ನೊಂದು ಗಾಡಿ ಹತ್ತಿ ರಾಮನಗರದ ಗೂಡಿನ ಮಾರುಕಟ್ಟೆಗೆ ಹೋಗುತ್ತಿದ್ದರು. ಆ ವರ್ಷ ಕೈಗೆ ಹತ್ತಿದ ಬೆಳೆ ಅದೊಂದೇ. ಅದನ್ನು ಮಾರಿದರೆ ಸೋರುವ ಹುಳುಮನೆಗೆ ಹೊಸ ಹಂಚು.

"ಭಾವ, ಕೂಸು ತಬ್ಕೊಂಡ ಹಾಗೆ ಚೀಲ ತಬ್ಕೊಂಡು ಯಾಕೆ ಹೋಗ್ಬೇಕು? ಬುಕ್ ಮಾಡಿ ಕಳ್ಸಿ. ಸರಕು ತಾನೇ ಹೋಗ್ತದೆ," ಎಂದೆ.

"ಗೂಡು ಅಂದ್ರೆ ಇಟ್ಟಿಗೆ ಅಲ್ಲ ಕಣಪ್ಪಾ," ಎಂದರು ಭಾವ. "ಒಳಗೆ ಜೀವ ಅದೆ. ಇನ್ನೆಲ್ಡ್ ದಿನದೊಳಗೆ ಮಾರ್ಕೆಟ್ ಸೇರ್ಬೇಕು. ತಡ ಆದ್ರೆ ಚಿಟ್ಟೆ ಕೊರ್ಕಂಡ್ ಆಚೆಗ್ ಬತ್ತದೆ. ಆಮ್ಯಾಕೆ ನೂಲೂ ಇಲ್ಲ, ಏನೂ ಇಲ್ಲ."

"ಅಮೆರಿಕ ನೋಡ್ಕಂಡ್ ಬಂದವ್ನೆ, ಅವ್ನ್ ಮಾತ್ನೂ ವಸಿ ಕೇಳಿ," ಎಂದಳು ಅಕ್ಕ. "ಓದ್ಸಲ ಯಾರೋ ಚೀಲದ್ ಮ್ಯಾಲೆ ಕುಂತ್ಕಂಡು ಅಪ್ಪಚ್ಚಿ ಮಾಡ್ಲಿಲ್ವಾ?"

ಹೀಗೆ ಅಮೆರಿಕ ಗೆದ್ದಿತು. ಮೂರು ಚೀಲಗಳ ಮೇಲೂ ನಾನೇ ನೀಲಿ ಬಣ್ಣದಲ್ಲಿ 'ರಾಮನಗರ' ಎಂದು ದಪ್ಪಕ್ಷರದಲ್ಲಿ ಬರೆದೆ. ನಾನೇ ಬುಕ್ ಮಾಡಿಸಿದೆ. ಕೊಟ್ಟ ಚೀಟಿಯನ್ನು ಓದದೆ ಜೇಬಿಗೆ ಹಾಕಿಕೊಂಡೆ. ದಿನವಿಡೀ ಬೇರೆಯವರ ಚೀಟಿಗಳಲ್ಲಿ ತಪ್ಪು ಹುಡುಕುವುದು ನನ್ನ ಉದ್ಯೋಗವಾಗಿತ್ತು. ಭಾವ ಜೀವಮಾನದಲ್ಲಿ ಮೊದಲ ಬಾರಿಗೆ ಬರಿಗೈಯಲ್ಲಿ ರೈಲು ಹತ್ತಿ, ಕಿಟಕಿಯಿಂದ ಇಣುಕಿದರು.

"ಮೈಮ್ಯಾಲೆ ಬಟ್ಟೆ ಇಲ್ದಂಗೆ ಆಯ್ತದೆ ಕಣಪ್ಪಾ."

"ಅಭ್ಯಾಸ ಆಗ್ತದೆ ಭಾವ," ಎಂದು ಭರವಸೆ ಕೊಟ್ಟೆ.

ಮೂರನೆಯ ದಿನ ಬೆಳಗ್ಗೆ ಕಾರ್ಖಾನೆಗೆ ಫೋನು ಬಂತು. ರಾಮನಗರದ ಎಸ್‌ಟಿಡಿ ಬೂತಿನಿಂದ ಭಾವ.

"ಗೂಡೆಲ್ಲಪ್ಪಾ?"

"ಬಂದಿಲ್ವಾ?"

"ಎಲ್ಡ್ ದಿನದಿಂದ ಟೇಸನ್ನಲ್ಲೇ ಕುಂತೀವ್ನಿ. ಬಂದ್ ಬಂದ್ ಗಾಡಿಗೆಲ್ಲಾ ಓಡೋಗಿ ಕೇಳ್ದೆ. ನಿನ್ ಅಮೆರಿಕ ಎಷ್ಟೊತ್ತಿಗೆ ಬತ್ತದೆ, ಅದಾರೂ ಯೋಳು."

ಜೇಬಿನ ಚೀಟಿ ತೆಗೆದು ಓದಿದೆ. 'ನಂಜನಗೂಡಿನಿಂದ ಮೈಸೂರಿಗೆ' ಎಂದಿತ್ತು. ಸಣ್ಣ ಹಳಿ ಮೈಸೂರಿಗೆ ಮುಗಿಯುತ್ತದೆ. ಅಲ್ಲಿಂದಾಚೆಗೆ ದೊಡ್ಡ ಹಳಿ, ಬೇರೆಯೇ ಗಾಡಿ. ಚೀಟಿ ಹಿಡಿದ ಮನುಷ್ಯನೊಬ್ಬ ಅಲ್ಲಿ ನಿಂತು, ಸರಕು ಬಿಡಿಸಿಕೊಂಡು ಮತ್ತೆ ಬುಕ್ ಮಾಡಬೇಕು. ಭಾವನಿಗೆ ಇದು ಎಂದೂ ಗೊತ್ತಾಗಬೇಕಾದ ಪ್ರಮೇಯವೇ ಬಂದಿರಲಿಲ್ಲ, ಏಕೆಂದರೆ ಎರಡು ಹಳಿಗಳ ನಡುವಿನ ದಾರಿಯಲ್ಲಿ ಚೀಲ ಇರುತ್ತಿದ್ದುದು ಅವರ ತಲೆಯ ಮೇಲೆ. ನನ್ನ ಸುಧಾರಣೆಯಿಂದ ರದ್ದಾಗಿದ್ದು ಆ ತಲೆ.

ಭಾವನಿಗೆ ಮೈಸೂರಿಗೇ ಬರಲು ಹೇಳಿ, ರಜೆ ಚೀಟಿಯನ್ನೂ ಬರೆಯದೆ ಅಲ್ಲಿಗೆ ಓಡಿದೆ. ಪಾರ್ಸಲ್ ಶೆಡ್ಡಿನ ಮೂಲೆಯಲ್ಲಿ ಮೂರು ಚೀಲಗಳೂ ಜೋಪಾನವಾಗಿದ್ದವು.

"ಚೀಟಿ ತಕ್ಕಂಡು ಯಾರಾದ್ರೂ ಬತ್ತಾರೆ ಅಂತ ನೋಡ್ತಾನೇ ಇದೀವಿ ಸಾ," ಎಂದ ಅಲ್ಲಿನ ಹಮಾಲಿ. "ಬೆಳಗ್ಗಿಂದ ಒಳಗೇನೋ ಪಟಪಟ ಅಂತಾ ಅದೆ. ಕೋಳೀನಾ?"

ಚೀಲದ ಬಟ್ಟೆಯ ಮೇಲೆ ಅಲ್ಲಲ್ಲಿ ಕಂದು ಕಲೆ ಮೂಡಿತ್ತು. ಹೊಲಿಗೆ ಬಿಚ್ಚಿದೆ. ರೇಷ್ಮೆ ಚಿಟ್ಟೆಗೆ ಹಾರಲು ಬರುವುದಿಲ್ಲ. ಅವು ನಡೆದೇ ಬಂದವು. ಬಿಳಿಯ, ಒದ್ದೆಯಾದ, ದಪ್ಪ ಹೊಟ್ಟೆಯ ನೂರಾರು ಚಿಟ್ಟೆಗಳು ರೆಕ್ಕೆ ಬಡಿಯುತ್ತಾ ನನ್ನ ಕೈ ಹತ್ತಿದವು, ತೋಳು ಹತ್ತಿದವು, 'ರಾಮನಗರ' ಎಂಬ ನನ್ನ ನೀಲಿ ಅಕ್ಷರಗಳ ಮೇಲೆ ಸಾವಕಾಶವಾಗಿ ಓಡಾಡಿದವು. ಹಮಾಲಿ ಎರಡು ಹೆಜ್ಜೆ ಹಿಂದೆ ಸರಿದು "ಅಯ್ಯಯ್ಯೋ ಸ್ವಾಮಿ" ಎಂದ. ನಾನು ಚೀಲದ ಬಾಯನ್ನು ಎರಡು ಕೈಯಲ್ಲೂ ಹಿಡಿದುಕೊಂಡು, ಹಾಗೆ ಹಿಡಿದರೆ ಒಳಗಿನವು ಒಳಗೇ ಉಳಿಯುತ್ತವೆಂಬಂತೆ ಕೂತಿದ್ದೆ.

ಮಧ್ಯಾಹ್ನದ ಗಾಡಿಗೆ ಭಾವ ಬಂದರು. ಒಂದು ಗೂಡನ್ನೆತ್ತಿ ಅದರ ತೂತಿಗೆ ಕಿರುಬೆರಳ ತುದಿಯನ್ನಿಟ್ಟು ನೋಡಿದರು. ಇನ್ನೊಂದನ್ನೆತ್ತಿದರು. ಬೈಯುತ್ತಾರೆಂದು ಕಾದೆ.

"ಅಮೆರಿಕದಲ್ಲಿ ಗೂಡ್ಸ್ ಜತೇಲಿ ಯಾರೂ ಓಗಾಕಿಲ್ವಾ?" ಎಂದು ಕೇಳಿದರು.

"ಇಲ್ಲ ಭಾವ."

"ಇಲ್ಲಿ ಓಯ್ತೀವಿ ಕಣಪ್ಪಾ."

ಮೂರು ಚೀಲಗಳನ್ನೂ ವಾಪಸು ಕೊಂಡೊಯ್ದೆವು. ಒಂದು ಗೂಡೂ ಮಾರಾಟವಾಗಲಿಲ್ಲ. ಆ ವರ್ಷ ಹುಳುಮನೆಗೆ ಹಂಚು ಹೊದಿಸಲಿಲ್ಲ.