ಶಿವಯೋಗಪ್ಪನ ಶುದ್ಧ ದನಿ

ಕೊಟ್ಟೂರಿನ ಶಿವಯೋಗಪ್ಪನಿಗೆ ತನ್ನೊಬ್ಬನಿಗೇ ಕಿವಿ ಇದೆ ಎಂಬ ಸೊಕ್ಕು. ಬಟ್ಟೆ ಅಂಗಡಿಯನ್ನು ಅಳಿಯನಿಗೆ ವಹಿಸಿದ ಮೇಲೆ ಮಾಳಿಗೆಯ ಕೋಣೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು, ಸುತ್ತಲಿನ ಹಳ್ಳಿಗಳ ಹಾಡುಗಾರ್ತಿಯರನ್ನು ಕರೆಸಿ ರೆಕಾರ್ಡು ಮಾಡತೊಡಗಿದ. ಹಾಡಿಸುತ್ತಿದ್ದ, ಅರ್ಧ ಲೋಟ ಚಹಾ ಕೊಟ್ಟು ಕಳಿಸುತ್ತಿದ್ದ. ಪ್ರತಿ ಮಾತ್ರ ಯಾರಿಗೂ ಕೊಡುತ್ತಿರಲಿಲ್ಲ.

“ಕೊಟ್ರ ಊರೆಲ್ಲಾ ಹಂಚಿ ಹೊಲಸು ಮಾಡ್ತೀರಿ. ಬೇಕಂದ್ರ ನನ್ನ ಕಂಪ್ಯೂಟರಿನಿಂದ ನೆಟ್ ಮ್ಯಾಲೆ ನಿಮ್ಮ ಫೋನಿನಾಗ ಕೇಳ್ರಿ,” ಎನ್ನುತ್ತಿದ್ದ. ಚಿಗಟೇರಿ ಕಡೆಯ ನಮ್ಮ ಹಳ್ಳಿಯಲ್ಲಿ ಒಂದು ಫೋಟೋ ತೆರೆದುಕೊಳ್ಳುವಷ್ಟರಲ್ಲಿ ಅನ್ನ ಬೇಯುತ್ತದೆ. ಅದು ಅವನಿಗೆ ಗೊತ್ತಿತ್ತು.

ನನ್ನ ಚಿಗವ್ವ ಮರುಳಸಿದ್ದಮ್ಮ ನಾಲ್ಕು ದಿನ ಅವನ ಮಾಳಿಗೆಯಲ್ಲಿ ಕೂತು ಹಾಡಿದ್ದಳು. ಮರುವರ್ಷ ಗಂಟಲಿನ ಆಪರೇಷನ್ ಆಗಿ ದನಿಯೇ ಹೋಯಿತು. ಮೊಮ್ಮಗಳು ಅರ್ಚನಾಳ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ತನ್ನ ತೊಟ್ಟಿಲ ಪದ ಒಮ್ಮೆ ಪೂರ್ತಿ ಕೇಳಬೇಕೆಂದು ಕೈಸನ್ನೆಯಲ್ಲಿ ಕೇಳಿಕೊಂಡಳು. ಅದೊಂದೇ ಆಸೆ. ಅರ್ಚನಾ ಎರಡು ಸಲ ಹೋಗಿ ಅಂಗಲಾಚಿದರೂ ಆ ಭೂಪ ಪ್ರತಿ ಕೊಡಲಿಲ್ಲ. ಆ ದಿನ ಮಾತ್ರ ಇಸ್ತ್ರಿ ಅಂಗಿ ತೊಟ್ಟು, ಮುಖ್ಯ ಅತಿಥಿಯ ಹಾಗೆ ಬಂದು ಕುರ್ಚಿಯಲ್ಲಿ ಕೂತ.

ನಮ್ಮಲ್ಲಿ ಕೂಸಿಗಿಂತ ಮೊದಲು ಗುಂಡುಕಲ್ಲಿಗೆ ಕೂಸಿನ ಟೊಪ್ಪಿಗೆಯಾದ ಕುಂಚಿಗೆ ಕಟ್ಟಿ ತೊಟ್ಟಿಲ ಕೆಳಗಿನಿಂದ ಮೇಲಕ್ಕೆ ದಾಟಿಸುತ್ತಾರೆ, ಪದದ ಒಂದು ನುಡಿಗೆ ಒಂದು ಸುತ್ತು. ಆಮೇಲೆ ಕೂಸು. ಅರ್ಚನಾ ಫೋನನ್ನು ತೊಟ್ಟಿಲ ಹತ್ತಿರ ಇಟ್ಟಳು. ಚಿಗವ್ವನ ದನಿ ನಾಲ್ಕು ಮಾತು ಬಂತು, ನಿಂತಿತು. ಪರದೆಯ ಮೇಲೆ ಚಕ್ರ ತಿರುಗಿತು. ಮತ್ತೆರಡು ಮಾತು, ಮತ್ತೆ ಚಕ್ರ. ನುಡಿ ಮುಗಿಯದೆ ಸುತ್ತು ಮುಗಿಸುವಂತಿಲ್ಲ. ಇಬ್ಬರು ಹೆಂಗಸರು ಕಲ್ಲು ಹಿಡಿದು ತೊಟ್ಟಿಲ ಕೆಳಗೆ ಬಗ್ಗಿಯೇ ಇದ್ದರು.

“ಅಣ್ಣಾರ, ಕಡಿಮಿ ಗುಣಮಟ್ಟಕ್ಕ ಇಡ್ಲೇನ್ರಿ? ನಿಲ್ಲಂಗಿಲ್ಲ,” ಎಂದಳು ಅರ್ಚನಾ.

“ಬ್ಯಾಡ! ತಗಡು ಬಡಿದಂಗ ಕೇಳ್ತೈತಿ. ಅಂಥಾ ದನಿಗೆ ಅವಮಾನ.”

ಅರ್ಚನಾ ಒತ್ತಿಯೇಬಿಟ್ಟಳು. ತಗಡು ಬಡಿದ ಹಾಗೆಯೇ ಕೇಳಿತು, ನಿಜ. ಆದರೆ ಹಾಡು ನಿಲ್ಲಲಿಲ್ಲ. ಕಲ್ಲು ದಾಟಿತು, ಕೂಸು ದಾಟಿತು. ಚಿಗವ್ವ ತೊಟ್ಟಿಲು ಹಿಡಿದು ತುಟಿ ಆಡಿಸುತ್ತಿದ್ದಳು, ಕಣ್ಣಲ್ಲಿ ನೀರು. ಶಿವಯೋಗಪ್ಪ ಮುಖ ಕಿವುಚಿಕೊಂಡು ಅಂಗಳಕ್ಕೆ ಎದ್ದು ಹೋದ.

ಕೊನೆಯ ನುಡಿಯ ನಡುವೆ ದನಿ ಕಡಿದು ಹೋಯಿತು. ಈ ಸಲ ಚಕ್ರವೂ ಇಲ್ಲ, ಸಂಪರ್ಕವೇ ಇಲ್ಲ. ತೊಟ್ಟಿಲ ಪದ ಅರ್ಧಕ್ಕೆ ನಿಲ್ಲಬಾರದೆಂದು ನಂಬಿದ ಚಿಗವ್ವ ಕೂಸಿನ ಮೇಲೆ ಬಗ್ಗಿ ಬಾಯಿ ತೆರೆದಳು. ಬರೀ ಉಸಿರು ಬಂತು. ಇನ್ನೊಮ್ಮೆ ಪ್ರಯತ್ನಿಸಿದಳು. ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು.

ಊಟದ ಪಂಕ್ತಿಯಲ್ಲಿ ಶಿವಯೋಗಪ್ಪ ಮೊದಲನೆಯವನು. ಬಡಿಸುತ್ತಿದ್ದ ನನಗೆ ಹೇಳಿದ: “ಅಂಗಳದಾಗ ನಿಂತು ನಮ್ಮ ಮನಿಯಾಕಿಗೆ ಫೋನ್ ಹಚ್ಚಿ ಕಂಪ್ಯೂಟರ್ ಬಂದ್ ಮಾಡಿಸ್ದೆ. ಆ ದನಿ ಮರ್ಯಾದಿ ನಾನ ಉಳಿಸ್ದೆ ನೋಡು.”

ಕೈಯಲ್ಲಿದ್ದ ತಂಬಿಗೆಯನ್ನು ಅವನ ತಲೆಗೆ ಕುಕ್ಕಬೇಕಿತ್ತು. ಒಳಗಿನ ಕೋಣೆಯ ಬಾಗಿಲು ಇನ್ನೂ ಮುಚ್ಚಿಯೇ ಇತ್ತು.

“ಇನ್ನೊಂಚೂರು ತುಪ್ಪ ಹಾಕ್ಲೇನ್ರಿ?” ಎಂದು ಕೇಳಿದೆ ನಾನು.