ಎರಡು ಸದ್ದಾದರೆ ನಿಲ್ಲು

ತಿಪಟೂರಿನಿಂದ ಶೆಟ್ಟಿಕೆರೆ ಕಡೆಗೆ ಹೋಗುವ ರಸ್ತೆಯಲ್ಲಿ ಒಬ್ಬ ಮನುಷ್ಯ ನಟ್ಟನಡುವೆಯೇ ನಡೆಯುತ್ತಾನೆ. ಹಿಂದಿನಿಂದ ಬಸ್ಸು ಹಾರನ್ ಹೊಡೆದರೆ ಬೇಲಿಗೆ ಸರಿಯುತ್ತಾನೆ, ಬಸ್ಸು ದಾಟಿದ ಕೂಡಲೇ ಮತ್ತೆ ನಡುವಿಗೆ ಬರುತ್ತಾನೆ. ಗೊತ್ತಿಲ್ಲದವರು ಕುಡಿದಿದ್ದಾನೆ ಅಂದುಕೊಳ್ಳುತ್ತಾರೆ. ಕುಡಿದಿಲ್ಲ. ಅವನಿಗೆ ತೆಂಗಿನ ಮರದ ಕೆಳಗೆ ಹೋಗಲು ಆಗುವುದಿಲ್ಲ. ಎತ್ತ ನೋಡಿದರೂ ತೆಂಗೇ ಇರುವ ಈ ಸೀಮೆಯಲ್ಲಿ ತಲೆ ಮೇಲೆ ಬರೀ ಆಕಾಶ ಸಿಗುವುದು ಡಾಂಬರಿನ ಮೇಲೆ ಮಾತ್ರ.

ಹೆಸರು ಚಿತ್ತಣ್ಣ. ಹುಳಿಯಾರಿನ ಆಚೆಯ ಒಂದು ಹಟ್ಟಿಯವನು. ಕೊಬ್ಬರಿ ಮೂಟೆ ಹೇರಿಕೊಂಡು ಡೆಲ್ಲಿ, ಜೈಪುರದವರೆಗೆ ಲಾರಿ ಓಡಿಸಿಯೇ ತಲೆ ನರೆತವನು. ಅವನ ಲಾರಿಗೆ ಕ್ಲೀನರ್ ಆಗಿದ್ದವನು ಅವನ ಭಾವ ಗಿಡ್ಡಯ್ಯ, ಅಕ್ಕ ಕಾಳಕ್ಕನ ಗಂಡ. ಕುರಿ ಮಾರಿ ಲಾರಿ ಹತ್ತಿದ ಗಿಡ್ಡಯ್ಯನಿಗೆ ಒಂದು ಕಣ್ಣು ಮಂಜು. ಅದಕ್ಕೇ ಲೈಸೆನ್ಸ್ ಸಿಗಲಿಲ್ಲ. ಆದರೆ ಅವನ ಅಂಗೈ ಒನಕೆಯಂಥದ್ದು. ಲಾರಿ ರಿವರ್ಸ್ ಹೋಗುವಾಗ ಹಿಂದೆ ನಿಂತು ಲಾರಿಯ ಬಾಡಿ ಮೇಲೆ ಒಂದು ಸಲ ತಟ್ಟಿದರೆ ನಿಲ್ಲು, ಎರಡು ಸಲ ತಟ್ಟಿದರೆ ಬಾ. ಈ ದೇಶದ ಲಾರಿಗಳೆಲ್ಲ ಇಷ್ಟು ವರ್ಷ ಹಿಂದಕ್ಕೆ ಹೋದದ್ದು ಇಂಥ ಅಂಗೈಗಳನ್ನು ನಂಬಿ.

ಅವತ್ತು ಲಾರಿ ಖಾಲಿ ಇತ್ತು. ಕಾಯಿ ತುಂಬಲು ಒಂದು ತೋಟದೊಳಗೆ ರಿವರ್ಸ್ ಹೋಗುತ್ತಿತ್ತು. ಗಿಡ್ಡಯ್ಯ ಒಂದು ಸಲ ತಟ್ಟಿದ. ಚಿತ್ತಣ್ಣ ನಿಲ್ಲಿಸಿದ. ಚಕ್ರದ ದಾರಿಯಲ್ಲಿ ಡ್ರಿಪ್ ಪೈಪು ಬಿದ್ದಿತ್ತು, ಒಡೆದರೆ ತೋಟದವರು ಬಿಟ್ಟಾರೆಯೇ? ಅದನ್ನು ಎತ್ತಿ ಆಚೆ ಇಡಲು ಗಿಡ್ಡಯ್ಯ ಬಗ್ಗಿದ. ಅಷ್ಟರಲ್ಲಿ ದಬ್, ದಬ್ ಎಂದು ಎರಡು ಸದ್ದಾಯಿತು. ಬಾ ಅಂದ, ಅಂದುಕೊಂಡ ಚಿತ್ತಣ್ಣ. ಲಾರಿ ಹಿಂದಕ್ಕೆ ಹೋಯಿತು.

ತಟ್ಟಿದ್ದು ಗಿಡ್ಡಯ್ಯನಲ್ಲ. ಒಂದೇ ಗೊನೆಯಿಂದ ಬಲಿತ ಕಾಯಿ ಎರಡು, ಒಂದರ ಹಿಂದೆ ಒಂದು, ಖಾಲಿ ಬಾಡಿಯ ಹಲಗೆ ಮೇಲೆ ಬಿದ್ದಿದ್ದವು. ಕೊಬ್ಬರಿಗೆ ಬಿಟ್ಟ ಕಾಯಿ ನಮ್ಮಲ್ಲಿ ಬಲಿತು ತಾನಾಗಿ ಉದುರುವುದು ಹೊಸದಲ್ಲ. ಕಾಯಿಗೆ ಕಣ್ಣಿದೆ, ಯಾರ ತಲೆ ಮೇಲೂ ಬೀಳುವುದಿಲ್ಲ ಎಂದು ಹಿರಿಯರು ಹೇಳುತ್ತಾರೆ. ನಿಜ. ಅವತ್ತೂ ಅದು ಯಾರ ತಲೆ ಮೇಲೂ ಬೀಳಲಿಲ್ಲ.

ಪೊಲೀಸರು ಅಜಾಗರೂಕತೆ ಎಂದು ಬರೆದುಕೊಂಡರು. ಕಾಳಕ್ಕ ತಮ್ಮನ ಜೊತೆ ಮಾತು ಬಿಟ್ಟಳು. ಲಾರಿ ಮಾಲೀಕ ಭೀಮರಾಜು ಮಾತ್ರ ಆ ಸಾವಿನಿಂದ ಒಂದು ಪಾಠ ಕಲಿತ. ಅದನ್ನು ಟೀ ಅಂಗಡಿಯಲ್ಲಿ ನಾಲ್ಕು ಜನರ ಮುಂದೆ ಹೇಳಿದ್ದು ಹೀಗೆ: "ಕ್ಲೀನರ್ ಅಂತ ಒಬ್ಬ ಇದ್ರೆ ತಾನೆ ಸಾಯೋದು? ಇನ್ಮ್ಯಾಕೆ ನಮ್ ಗಾಡೀಲಿ ಕ್ಲೀನರೇ ಬ್ಯಾಡ ಬುಡು."

ನಗಬೇಡಿ. ಭೀಮರಾಜು ಒಬ್ಬನೇ ಅಲ್ಲ, ಮಾಲೀಕರು ಒಬ್ಬರನ್ನು ನೋಡಿ ಒಬ್ಬರು ಅದನ್ನೇ ಮಾಡಿದರು. ಈಗ ಇಲ್ಲಿಂದ ಉತ್ತರಕ್ಕೆ ಹೋಗುವ ಕೊಬ್ಬರಿ ಲಾರಿಯಲ್ಲಿ ಒಬ್ಬನೇ ಇರುತ್ತಾನೆ. ಓಡಿಸುವವನು ಅವನೇ, ಟಾರ್ಪಾಲು ಕಟ್ಟುವವನು ಅವನೇ, ನಿದ್ದೆ ಬಂದರೆ ಕೆನ್ನೆಗೆ ಹೊಡೆದುಕೊಳ್ಳುವವನೂ ಅವನೇ. ಡ್ರೈವರ್‌ಗಳು ಸಿಗುತ್ತಿಲ್ಲ ಎಂದು ಇದೇ ಮಾಲೀಕರು ಗೋಳಾಡುತ್ತಾರೆ. ಎಲ್ಲಿಂದ ಸಿಗಬೇಕು ಸ್ವಾಮಿ? ಡ್ರೈವರ್ ಮೊದಲು ಕ್ಲೀನರ್ ಆಗಿರುತ್ತಿದ್ದ. ಪಕ್ಕದ ಸೀಟಿನಲ್ಲಿ ಕೂತು, ಹಿಂದೆ ನಿಂತು, ಬೈಸಿಕೊಂಡು ಕಲಿಯುತ್ತಿದ್ದ. ಆ ಸೀಟನ್ನು ಕಿತ್ತವರು ಯಾರು? ಅದರ ಬದಲಿಗೆ ಡ್ರೈವಿಂಗ್ ಸ್ಕೂಲು ಬಂತು. ಮೈದಾನದಲ್ಲಿ ಎಂಟರ ಆಕಾರದಲ್ಲಿ ಒಂದು ಸುತ್ತು ಹಾಕಿಸಿ, ಹೋಗಪ್ಪ, ಘಾಟಿ ಇಳಿಸು, ಅನ್ನುತ್ತಾರೆ.

ಅಂಥದ್ದೇ ಒಂದು ಸ್ಕೂಲಿಗೆ ಚಿತ್ತಣ್ಣ ಕಲಿಸುವವನಾಗಿ ಸೇರಿದ. ಸಂಬಳ ನೋಡಿ ಅಲ್ಲ, ಜಾಗ ನೋಡಿ. ಅಮ್ಮಸಂದ್ರದ ಕಡೆಯ ಆ ಬೋಳು ಮೈದಾನದಲ್ಲಿ ಒಂದು ತೆಂಗೂ ಇರಲಿಲ್ಲ. ಆದರೂ ಸದ್ದು ಅವನನ್ನು ಬಿಡಲಿಲ್ಲ. ಪಕ್ಕದ ಮನೆಯವರು ಬಾಗಿಲು ತಟ್ಟಿದರೆ ಕಾಲು ತಾನಾಗಿ ಬ್ರೇಕು ಎಂಬಂತೆ ನೆಲ ಒತ್ತುತ್ತಿತ್ತು. ಊಟದ ಹೊತ್ತಲ್ಲಿ ಯಾರೋ ಲೋಟ ಕುಕ್ಕಿದರೆ ಎದ್ದು ಹೋಗಿ ಲಾರಿಯ ಹಿಂದೆ ನೋಡಿ ಬರುತ್ತಿದ್ದ. ಅಲ್ಲಿ ಯಾರೂ ಇರುತ್ತಿರಲಿಲ್ಲ. ಯಾರೂ ಇಲ್ಲದ್ದನ್ನು ನೋಡಿ ಬಂದ ಮುಖ ಹೇಗಿರುತ್ತದೆ ಎಂದು ಕಂಡವರಿಗೇ ಗೊತ್ತು.

ಅವನ ಪಾಠದಲ್ಲಿ ತಟ್ಟುವ ಲೆಕ್ಕವೇ ಬೇರೆ. ಒಂದು ಸದ್ದಾದರೂ ನಿಲ್ಲು, ಎರಡಾದರೂ ನಿಲ್ಲು. ಇಳಿ. ಹಿಂದೆ ಹೋಗಿ ನೋಡು, ಬಗ್ಗಿ ನೋಡು. ಹಿಂದೆ ಇರುವವನು ನಿನ್ನ ಹೆಸರು ಹಿಡಿದು 'ಬಾ' ಅಂತ ಕೂಗಿದರೆ ಮಾತ್ರ ಹಿಂದಕ್ಕೆ ಬಾ.

"ಅಲ್ಲ ಕಣಪ್ಪ ಚಿತ್ತಣ್ಣ," ಅಂದ ಸ್ಕೂಲಿನ ಯಜಮಾನ ಗಂಗಾಧರ್, "ಇಡೀ ದೇಶಕ್ಕೆ ಎರಡು ಅಂದ್ರೆ ಬಾ. ನಿಂಗೊಬ್ಬಂಗೆ ಬ್ಯಾರೆ ದೇಶ ಐತಾ?"

"ಕಾಯಿ ಹೆಸ್ರು ಹಿಡ್ದು ಕೂಗಲ್ಲ ಸಾರ್," ಅಂದ ಚಿತ್ತಣ್ಣ.

ಆ ಮೈದಾನಕ್ಕೆ ಒಂದು ಬೆಳಿಗ್ಗೆ ಬಿಂದುಶ್ರೀ ಬಂದಳು. ಗಿಡ್ಡಯ್ಯನ ಮಗಳು. ಲಗೇಜ್ ಆಟೋದಲ್ಲಿ ಕಾಯಿ ಸುಲಿದ ಮಟ್ಟೆ ಸಾಗಿಸಿ ಮನೆ ನಡೆಸುವವಳು. ತುರುವೇಕೆರೆ ಕಡೆಯ ಒಂದು ನಾರಿನ ಫ್ಯಾಕ್ಟರಿಯವರು, ಹೆವಿ ಲೈಸೆನ್ಸ್ ತಂದರೆ ಲಾರಿ ಕೊಡುತ್ತೇವೆ ಅಂದಿದ್ದರು. ಕಾಯುವುದು ದೀಪಾವಳಿವರೆಗೆ ಮಾತ್ರ.

ಚಿತ್ತಣ್ಣ ಅವಳ ಮುಖ ನೋಡಲಾಗದೆ ಟೈರು ನೋಡುತ್ತ ನಿಂತ. "ಬ್ಯಾರೆ ಸ್ಕೂಲಿಗೆ ಹೋಗವ್ವ. ನಿಮ್ಮವ್ವ ಒಪ್ಪಲ್ಲ."

"ಅವ್ವನೇ ಕಳ್ಸಿದ್ದು ಮಾವ."

"ಏನಂದ್ಳು?"

"ಅವನ ಹತ್ರನೇ ಕಲಿ, ಕಲೀದೆ ಇದ್ರೆ ಏನಾಯ್ತದೆ ಅಂತ ಅವನಿಗೆ ಗೊತ್ತು, ಅಂದ್ಳು."

ಇದು ಕ್ಷಮೆಯೋ ಶಿಕ್ಷೆಯೋ ಚಿತ್ತಣ್ಣನಿಗೆ ತಿಳಿಯಲಿಲ್ಲ. ಎರಡನ್ನೂ ಹೊತ್ತುಕೊಂಡು ಕಲಿಸಿದ. ಬೇರೆಯವರು ಎಂಟು ಹಾಕಿ ಮನೆಗೆ ಹೋದ ಮೇಲೂ ಅವಳಿಗೆ ರಿವರ್ಸ್ ಮುಗಿಯುತ್ತಿರಲಿಲ್ಲ. ಆದರೆ ಅವನು ಕೂರುತ್ತಿದ್ದದ್ದು ಪಕ್ಕದ ಸೀಟಿನಲ್ಲಿ. ಹಿಂದೆ ನಿಂತು ಹೆಸರು ಕೂಗುವುದು ಸ್ಕೂಲಿನ ಇನ್ನೊಬ್ಬ ಆಳಿನ ಕೆಲಸವಾಗಿತ್ತು. ಹಿಂದಿನ ಆ ಜಾಗ ಗಿಡ್ಡಯ್ಯನದು. ಅಲ್ಲಿಗೆ ಚಿತ್ತಣ್ಣ ಕಾಲಿಡುತ್ತಿರಲಿಲ್ಲ.

ಪರೀಕ್ಷೆಯ ದಿನ ಹಿಂದೆ ನಿಂತವನು ಗಂಗಾಧರ್. ದೇಶದ ಲೆಕ್ಕದಂತೆ ಎರಡು ಸಲ ತಟ್ಟಿದ. ಹಿಂದಕ್ಕೆ ಬರುತ್ತಿದ್ದ ಲಾರಿ ಗಕ್ಕನೆ ನಿಂತಿತು. ಬಿಂದುಶ್ರೀ ಇಳಿದಳು, ಹಿಂದೆ ಬಂದಳು, ಬಗ್ಗಿ ಚಕ್ರದ ಕೆಳಗೆ ನೋಡಿದಳು.

"ಹಿಂದಕ್ಕೆ ಬಾ ಅಂದ್ರೆ ಲಾರಿ ತರ್ಬೇಕಮ್ಮ, ನೀನೊಬ್ಳೇ ಬಂದ್ರೆ ಹೆಂಗೆ?" ಅಂದರು ಪರೀಕ್ಷೆ ನೋಡಲು ಬಂದಿದ್ದ ಆರ್‌ಟಿಓ ಸಾಹೇಬರು. ಸುತ್ತ ನಿಂತವರು ನಕ್ಕರು. ಅವಳು ಫೇಲಾದಳು.

ಅವತ್ತೇ ಗಂಗಾಧರ್ ಚಿತ್ತಣ್ಣನನ್ನು ಕರೆದು ಹೇಳಿದ: "ನಾಳೆಯಿಂದ ಎಲ್ಲರಂಗೆ ಕಲ್ಸು. ಇಲ್ಲಾಂದ್ರೆ ಬರಬ್ಯಾಡ." ಚಿತ್ತಣ್ಣ ಮರುದಿನ ಹೋಗಲಿಲ್ಲ.

ಬಿಂದುಶ್ರೀ ಅವನನ್ನು ಹುಡುಕಿಕೊಂಡು ಹಟ್ಟಿಗೆ ಬಂದಳು. ಅವನು ಜಗುಲಿಯ ಮೇಲೆ ಕೂತಿದ್ದ. "ನನ್ನಿಂದ ಹಾಳಾಯ್ತು ಕಣವ್ವ. ಪರೀಕ್ಷೆಗಾದ್ರೂ ಅವ್ರ ಥರ ಮಾಡು ಅಂತ ಹೇಳ್ಬೇಕಿತ್ತು. ಇನ್ನೊಂದ್ಸಲ ಹೋಗು. ಎರಡು ತಟ್ಟಿದ್ರೆ ಬಂದ್ಬುಡು."

"ಬರಲ್ಲ ಮಾವ. ಕಾಲು ಬರಲ್ಲ ಅಂತದೆ." ಅವಳು ಪಕ್ಕದಲ್ಲಿ ಕೂತಳು. "ಮೊದ್ಲೇ ಸಾಹೇಬ್ರಿಗೆ ಹೇಳ್ತೀನಿ, ನಾನು ಹಿಂಗೆ ಓಡ್ಸೋದು ಅಂತ."

ಚಿತ್ತಣ್ಣ ಅವಳ ಕಡೆ ತಿರುಗಿದ. ಆಮೇಲೆ ಕೇಳಿದ: "ಅವತ್ತು ಇಳಿದು ನೋಡ್ದಲ್ಲ. ಚಕ್ರದ ಕೆಳಗೆ ಯಾರಿದ್ರು?"

"ಯಾರೂ ಇರ್ಲಿಲ್ಲ."

"ಚೆನ್ನಾಗಿ ನೋಡ್ದಾ?"

"ಬಗ್ಗಿ ನೋಡ್ದೆ ಮಾವ."

ಎರಡನೇ ಸಲ ಅವಳು ಹೇಳಿಯೇ ಹತ್ತಿದಳು. ಸಾಹೇಬರು ಹುಬ್ಬು ಗಂಟಿಕ್ಕಿದರು, ಆದರೂ ಹೆಸರು ಹಿಡಿದು ಕೂಗಲು ಒಬ್ಬನನ್ನು ಹಿಂದೆ ನಿಲ್ಲಿಸಿದರು. ದೀಪಾವಳಿಗೆ ಮುಂಚೆಯೇ ಲೈಸೆನ್ಸ್ ಬಂತು. ಫ್ಯಾಕ್ಟರಿಯವರು ಮಾತಿನಂತೆ ಲಾರಿಯನ್ನೂ ಕೊಟ್ಟರು. ಹಿಂದೆ ನಿಲ್ಲುವವರು ಯಾರು ಎಂದು ಅವಳು ಕೇಳಿದಳು.

"ಕ್ಯಾಮೆರಾ ಹಾಕ್ಸಿದ್ದೀವಲ್ಲಮ್ಮ," ಅಂದರು. ಕ್ಯಾಮೆರಾದ ಮೇಲೆ ಆಗಲೇ ಬೆರಳುದಪ್ಪ ನಾರಿನ ಧೂಳು.

ಮೊದಲ ಲೋಡು ಶೆಟ್ಟಿಕೆರೆಯ ಹತ್ತಿರ ಹನುಮಂತಯ್ಯ ಎಂಬುವವರ ತೋಟದಲ್ಲಿ. ಗಿಡ್ಡಯ್ಯ ಸತ್ತ ತೋಟ ಅದಲ್ಲ. ಆದರೆ ಒಳಗೆ ಹೊಕ್ಕರೆ ತೆಂಗಿನ ತೋಟಗಳೆಲ್ಲ ಒಂದೇ. ಗೇಟಿನ ಹತ್ತಿರ, ಬಿಸಿಲು ಬೀಳುವ ಡಾಂಬರಿನ ಮೇಲೆ ಚಿತ್ತಣ್ಣ ನಿಂತಿದ್ದ. ಬಾ ಎಂದು ಯಾರೂ ಕರೆದಿರಲಿಲ್ಲ. ಬಿಂದುಶ್ರೀ ಕಿಟಕಿಯಿಂದ ನೋಡಿದಳು. ಅವನು ಹೆಗಲ ಟವೆಲನ್ನು ತಲೆಗೆ ಸುತ್ತಿಕೊಂಡು ನೆರಳೊಳಗೆ ಕಾಲಿಟ್ಟ. ಹೋಗಿ ಲಾರಿಯ ಹಿಂದೆ ನಿಂತ.

"ಬಿಂದೂ, ಬಾ."

ಲಾರಿ ಹಿಂದಕ್ಕೆ ಬಂತು. ಎರಡು ಮರದ ಸಾಲು ದಾಟಿತು. ಎಲ್ಲೋ ಮೇಲೆ ಗರಿ ಸರಕ್ಕೆಂದಿತು. ದಬ್. ಖಾಲಿ ಬಾಡಿಯೊಳಗೆ ಒಂದೇ ಒಂದು ಕಾಯಿ. ಚಿತ್ತಣ್ಣ ಕೂತುಬಿಟ್ಟ.

ಲಾರಿ ನಿಂತಿತ್ತು. ಬಾಗಿಲು ತೆರೆದ ಸದ್ದು. ತರಗಿನ ಮೇಲೆ ಹೆಜ್ಜೆ ಸದ್ದು.

"ಮಾವ, ಇದ್ದೀಯಾ?"

"ಇದ್ದೀನಿ ಕಣವ್ವ."

ಅವಳು ಚಕ್ರದ ಕೆಳಗೆ ಬಗ್ಗಿ ನೋಡಿದಳು. ಅವನು ಎದ್ದು ನಿಲ್ಲುವವರೆಗೆ ನೋಡಿದಳು. ಮತ್ತೆ ಹೋಗಿ ಹತ್ತಿದಳು. ಎಂಜಿನ್ ಗುರುಗುಡುತ್ತಿತ್ತು. ಚಿತ್ತಣ್ಣನ ಬಾಯಿ ತೆರೆಯಿತು, ದನಿ ಹೊರಡಲಿಲ್ಲ. ತೋಟದ ಆಳುಗಳು ಮಟ್ಟೆಗುಡ್ಡೆಯ ಹತ್ತಿರ ನಿಂತು, "ಯಾಕ್ಲಾ ನಿಂತೋಯ್ತು? ಎರಡು ತಟ್ರಲಾ ಅತ್ಲಾಗೆ," ಎಂದು ಕೂಗಿದರು. ಅವರಲ್ಲೊಬ್ಬ ಬಂದು ತಟ್ಟಿಯೂ ಬಿಟ್ಟ. ದಬ್, ದಬ್.

ಲಾರಿ ಅಲುಗಲಿಲ್ಲ. ಹೆಸರು ಕೇಳುವವರೆಗೆ ಅದು ಅಲ್ಲೇ ನಿಂತಿತ್ತು.